ಮುಚ್ಚಳ ತೆಗೆದು ಮೂಸಿದ ಮೀನು

ಎಷ್ಟು ತೊಳೆದರೂ ಆಕೆಯ ಹಸಿರು ಬಳೆಗಳ ಸಂದಿಯಲ್ಲಿ ಒಂದೆರಡು ಮೀನಿನ ಹುರುಪೆ ಮಿನುಗುತ್ತಲೇ ಇರುತ್ತಿದ್ದವು. ಹಾನಗಲ್ಲಿನ ನಮ್ಮ ಓಣಿಯ ತುದಿಯಲ್ಲಿ ಕಡಲ ಮೀನು ಮಾರುತ್ತಿದ್ದ ಆಕೆಯನ್ನು ಎಲ್ಲರೂ ಮೀನವ್ವ ಎನ್ನುತ್ತಿದ್ದರು. ನಾನು ಕಾಲೇಜಿಗೆ ಹೊರಟರೆ ಸಾಕು, "ಅಕ್ಕೋರ, ಮೂಗು ಮುಚ್ಕೊಂಡರ ಬರ್ರಿ, ಮಾತಾಡೂಣು!" ಎಂದು ಕೈಬೀಸುವರು. ನಮ್ಮದು ಈರುಳ್ಳಿಗೂ ಪಂಚಾಂಗ ನೋಡುವ ವೈಷ್ಣವರ ಮನೆ. ರಸಾಯನಶಾಸ್ತ್ರ ಕಲಿಸುವ ನನಗೆ ಮೀನು ಗೊತ್ತಿದ್ದದ್ದು ಪುಸ್ತಕದಲ್ಲಿ ಮಾತ್ರ.

ಒಂದು ವರ್ಷ ಕಡಲಲ್ಲಿ ಹಡಗೊಂದರಿಂದ ಎಣ್ಣೆ ಸೋರಿತು. ಸುದ್ದಿ ಘಟ್ಟ ಹತ್ತಿ ಬಂದದ್ದೇ ತಡ, ಗಿರಾಕಿಗಳು ಮೀನವ್ವನ ಅಂಗಡಿಯತ್ತ ಸುಳಿಯದಾದರು. ಕರಾವಳಿಯ ಪ್ರಯೋಗಾಲಯಕ್ಕೆ ಮೀನಿನ ತುಣುಕು ಕಳಿಸಿದರೆ ವರದಿ ಬರಲು ವಾರ ಬೇಕು. ಮೀನು ಅಷ್ಟು ದಿನ ಕಾಯುತ್ತದೆಯೇ? ಅಲ್ಲಿಯವರನ್ನೇ ಫೋನಿನಲ್ಲಿ ಕೇಳಿ ನಾನೊಂದು ದಾರಿ ಹೇಳಿಕೊಟ್ಟೆ. ಉಪ್ಪು ಖಾರ ಹಾಕದೆ, ಮುಚ್ಚಳ ಮುಚ್ಚಿ ಒಂದು ತುಣುಕು ಬೇಯಿಸುವುದು. ತೆಗೆದ ಕೂಡಲೇ ಹಬೆ ಮೂಸುವುದು. ಎಣ್ಣೆಯ ವಾಸನೆ ಬಂದರೆ ಆ ಮೀನು ಮಾರಬಾರದು.

ಅಂದಿನಿಂದ ಬೆಳಿಗ್ಗೆ ಪ್ರತಿ ಪೆಟ್ಟಿಗೆಯ ಒಂದು ತುಣುಕು ಜನರ ಎದುರೇ ಬೇಯುತ್ತಿತ್ತು. "ನನ್ನ ಮಕ್ಕಳಿಗೆ ಉಣಸಲಾರದ್ದು ಮಂದಿ ಮಕ್ಕಳಿಗೂ ಬ್ಯಾಡ," ಎನ್ನುವರು ಮೀನವ್ವ. ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು.

ಒಂದು ದಿನ ಮೀನವ್ವನಿಗೆ ಜೋರು ನೆಗಡಿ. "ಅಕ್ಕೋರ, ನನ್ನ ಮೂಗು ಕೀಲಿ ಹಾಕ್ಕೊಂಡು ಕುಂತೈತಿ. ಮೀನ ತಿನ್ನಲಾರದ ಮೂಗು ಸುಳ್ಳು ಹೇಳಂಗಿಲ್ಲ, ನೀವ ನೋಡ್ರಿ."

ಅತ್ತೆಯ ಕಣ್ಣು ತಪ್ಪಿಸಿ ಹೋದೆ. ಅವತ್ತು ಬಂದದ್ದು ಮೀನವ್ವನೂ ಎಂದೂ ತರಿಸಿರದ ಜಾತಿಯ ಮೀನು. ಮುಚ್ಚಳ ತೆಗೆದರೆ ಸೀಮೆಎಣ್ಣೆಯ ವಾಸನೆ! ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಆ ಮೀನಿನ ವಾಸನಿನ ಹಂಗ ಐತಿ," ಎಂದು ಪೆಟ್ಟಿಗೆ ತಂದಿದ್ದ ಲಾರಿಯವನು ಬಡಿದುಕೊಂಡ. ಮೀನವ್ವ ಒಮ್ಮೆ ನನ್ನ ಮುಖ ನೋಡಿದರು. ಒಂದು ತುಣುಕು ಪ್ರಯೋಗಾಲಯಕ್ಕೆ ಕಳಿಸಿ, ಉಳಿದ ಇಡೀ ಪೆಟ್ಟಿಗೆಯನ್ನು ಹೂಳಿಸಿಬಿಟ್ಟರು.

ವಾರದ ಮೇಲೆ ವರದಿ ಬಂತು. ಮೀನು ಶುದ್ಧವಾಗಿತ್ತು. ಕಡಲಲ್ಲಿ ತಿನ್ನುವ ಆಹಾರದಿಂದ ಆ ಜಾತಿಗೆ ಅಂಥ ವಾಸನೆ ಇರುವುದುಂಟಂತೆ. ಒಮ್ಮೆಯಾದರೂ ಅದನ್ನು ತಿಂದವರಿಗೆ ತಿಳಿಯುತ್ತಿತ್ತು, ನನಗೆ ತಿಳಿಯಲಿಲ್ಲ. "ಮಡಿ ಮೂಗು ಮೀನ ಮಣ್ಣಾಗ ಹಾಕ್ತು," ಎಂದು ಓಣಿಯವರು ನಕ್ಕರು. ನಾಚಿಕೆಯಿಂದ ಕುಗ್ಗಿಹೋದೆ. ಕಾಗದ ಹಿಡಿದು ಹೋಗಿ ತಪ್ಪೊಪ್ಪಿಕೊಂಡರೆ ಮೀನವ್ವ, "ಒಂದು ದಿನದ ಮೀನ ಹೋತು, ಮಂದಿ ನಂಬಿಗಿ ಹೋಗಲಿಲ್ಲಲ್ಲ," ಎಂದು ಚಹಾ ತರಿಸಿದರು. ಇನ್ನು ನನ್ನನ್ನು ಕೇಳಲಾರರು ಎಂದುಕೊಂಡೇ ಮನೆಗೆ ಬಂದೆ.

ಮೀನವ್ವ ತೀರಿಕೊಂಡು ಎರಡು ವರ್ಷವಾಯಿತು. ಅವರ ಋಣ ಎಂದರೆ ನನಗೆ ನಾನು ತಪ್ಪೊಪ್ಪಿಕೊಂಡ ಮರುದಿನದ ಬೆಳಗು. ತಲೆ ತಗ್ಗಿಸಿ ದಾಟಿಹೋಗುತ್ತಿದ್ದವಳನ್ನು ಕೂಗಿ ನಿಲ್ಲಿಸಿದರು. ನೆಗಡಿ ಎಂದೋ ವಾಸಿಯಾಗಿತ್ತು. ಆದರೂ ಪಾತ್ರೆಯನ್ನು ನನ್ನ ಮುಂದಿಟ್ಟು, ನಿಂತ ಗಿರಾಕಿಗಳಿಗೆಲ್ಲ ಕೇಳುವಂತೆ ಹೇಳಿದರು:

"ಸಂಶೆ ಬಂದ್ರ ಬಾಯಿ ಬಿಟ್ಟು ಹೇಳ್ತಾರ, ತಪ್ಪಿದ್ರ ತಾವ ಬಂದು ಒಪ್ಗೋತಾರ. ನಮ್ಮ ಅಕ್ಕೋರು ನೋಡಿದ ಮ್ಯಾಲನ ಇವತ್ತಿನ ಯಾಪಾರ."