ಕೂಸುಮರಿ ಮಾರಿದ ಸಂಜೆ

ಭೂತ, ಗಾಳಿ, ಸೋಂಕು ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಇದನ್ನು ಧೈರ್ಯ ಎಂದು ತಿಳಿಯಬೇಡಿ. ಚಿಂತೆ ಮಾಡಲು ಕಣ್ಣಿಗೆ ಕಾಣುವ ಸಂಗತಿಗಳೇ ನನಗೆ ಬೇಕಾದಷ್ಟಿದ್ದವು. ಕಾಣದವನ್ನೂ ಅದರಲ್ಲಿ ಸೇರಿಸಿಕೊಳ್ಳಲು ಪುರುಸೊತ್ತಿರಲಿಲ್ಲ, ಅಷ್ಟೆ. ಬಸ್ಸು ಹೊರಡುವ ಮುಂಚೆಯೇ ಅದು ಕೆಟ್ಟು ನಿಂತೀತೆಂದು ಚಿಂತಿಸುವವನು ನಾನು. ಯಾರಾದರೂ ಇಂಥ ಕಥೆ ಶುರು ಮಾಡಿದರೆ ಏನೋ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಈಗ ನೀವು ಹಾಗೆ ಎದ್ದು ಹೋದರೆ ನಾನು ಬೇಸರ ಮಾಡಿಕೊಳ್ಳುವ ಹಾಗಿಲ್ಲ.

ಐವತ್ತರ ದಶಕದ ಕೊನೆಯ ಮಾತು. ನಾನು ಶಿಕಾರಿಪುರದವನು, ಅಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಸರೋಜ ಸೊರಬದವಳು. ಮಗಳಿಗೆ ಒಂದೂವರೆ ವರ್ಷ. ವಿಮಲಾ ಎಂದು ಹೆಸರಿಟ್ಟಿದ್ದರೂ ಕರೆಯುತ್ತಿದ್ದದ್ದು ಪುಟ್ಟಿ ಎಂದೇ. ಈ ಪುಟ್ಟಿ ನನ್ನನ್ನು ಅಪ್ಪ ಎಂದು ತಿಳಿದಿದ್ದಳೋ ಬಾಡಿಗೆ ಎತ್ತು ಎಂದು ತಿಳಿದಿದ್ದಳೋ, ಆ ಕಾಲದಲ್ಲಿ ಹೇಳುವುದು ಕಷ್ಟವಿತ್ತು.

ಹಾಡು ಹೇಳದೆ ಒಂದು ತುತ್ತು ಒಳಗೆ ಹೋಗುತ್ತಿರಲಿಲ್ಲ. ಅವಳಮ್ಮ ಹಾಡಿದರೆ ಆಗದು, ನಾನೇ ಹಾಡಬೇಕು. ನನ್ನ ಗಂಟಲು ಎಂಥದೆಂದರೆ ನಾನು ಬಚ್ಚಲಲ್ಲಿ ಗುನುಗಿದರೂ ನೆರೆಮನೆಯವರು ಎಮ್ಮೆಗೆ ಏನಾಯಿತೆಂದು ನೋಡಲು ಹಿತ್ತಲಿಗೆ ಬರುತ್ತಿದ್ದರು. ಗೊತ್ತಿದ್ದ ಹಾಡುಗಳೆಲ್ಲ ಅವಳಿಗೆ ಹಳಸಿದ ಮೇಲೆ ನಾನೇ ಕಟ್ಟತೊಡಗಿದೆ. ‘ಅಟ್ಟದ ಮೇಲಿನ ಇಲಿರಾಯ, ಬಟ್ಟಲು ಖಾಲಿ ಮಾಡ್ರಾಯ’ ಎಂಬುದು ಅವುಗಳಲ್ಲಿ ಉತ್ತಮವಾದದ್ದು. ಉಳಿದವನ್ನು ನೀವೇ ಊಹಿಸಿಕೊಳ್ಳಿ. ಒಂದು ದಿನ ಕಚೇರಿಯಲ್ಲಿ ಕಾಗದ ಹೊಲಿಯುತ್ತಾ ಅದನ್ನೇ ಗಟ್ಟಿಯಾಗಿ ಹೇಳಿಬಿಟ್ಟೆ. ಆಮೇಲೆ ನಿವೃತ್ತಿಯಾಗುವವರೆಗೂ ಅಲ್ಲಿ ನನ್ನ ಹೆಸರು ಇಲಿರಾಯ.

ಊಟ ಮುಗಿದರೆ ಕೂಸುಮರಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮಗುವನ್ನು ಮೂಟೆಯ ಹಾಗೆ ಬೆನ್ನ ಮೇಲೆ ಹೊತ್ತು, ‘ಕೂಸುಮರಿ ಬೇಕಾ, ಕೂಸುಮರಿ’ ಎಂದು ಮಾರುವವರಂತೆ ಕೂಗುತ್ತಾ ಮನೆಯೆಲ್ಲ ಸುತ್ತಬೇಕು. ಅಡಿಗೆಮನೆಗೆ ಹೋಗಿ ಕೇಳಬೇಕು, ಹಿತ್ತಲಿಗೆ ಹೋಗಿ ಕೇಳಬೇಕು. ನಿಂತರೆ ಬೆನ್ನ ಮೇಲಿನ ಸರಕು ಕೂದಲು ಹಿಡಿದು ಎಳೆಯುತ್ತದೆ, ಇಳಿಸಿದರೆ ಕಿರುಚುತ್ತದೆ. ನನ್ನ ಸೊಂಟ ಕೆಟ್ಟದ್ದು ಆಗಲೇ. ನನ್ನದೇ ಮಗುವನ್ನು ದಿನವೂ ಇಷ್ಟು ಕೂಗಿ ಮಾರುತ್ತಿದ್ದೇನಲ್ಲ, ಯಾರೂ ಕೊಳ್ಳುವುದಿಲ್ಲವಲ್ಲ ಎಂದು ಸರೋಜನ ಹತ್ತಿರ ತಮಾಷೆ ಮಾಡುತ್ತಿದ್ದೆ.

ಸುಗ್ಗಿ ಮುಗಿದು ಹೊಸಕ್ಕಿ ಊಟಕ್ಕೆ ಅತ್ತೆಯ ಮನೆಯಿಂದ ಕರೆ ಬಂತು. ನನಗೆ ಹೋಗಲು ಇಷ್ಟವಿರಲಿಲ್ಲ. ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಜನಕ್ಕೂ ಅದೇ ಜ್ವರ ಬರುತ್ತಿದೆ ಎಂದು ಎಲ್ಲ ಕಡೆ ಭಯವಿದ್ದ ಸಮಯ. ಸೊರಬ ಪೇಟೆಗೂ ಆ ಕಾಡಿಗೂ ದೂರವಿದೆ ಎಂದು ಸರೋಜ ಎಷ್ಟು ಹೇಳಿದರೂ ನಾನು ಬಸ್ಸಿನಲ್ಲಿ ಪುಟ್ಟಿಗೆ ಕಿವಿ ಮುಚ್ಚುವ ಹಾಗೆ ಶಾಲು ಸುತ್ತಿ, ಕಿಟಕಿಯಿಂದ ದೂರ ಕೂರಿಸಿಕೊಂಡು, ದಾರಿಯ ಮರಗಳನ್ನೆಲ್ಲ ಅನುಮಾನದಿಂದ ನೋಡುತ್ತಾ ಹೋದೆ. ನೋಡಬೇಕಾದದ್ದು ಮರಗಳನ್ನಲ್ಲ ಎಂದು ಆಗ ಹೇಗೆ ತಿಳಿಯಬೇಕು?

ಸಂಜೆ ಪುಟ್ಟಿ ಬೆನ್ನೇರಿದಳು. ನಾನು ಮಾಮೂಲಿನಂತೆ ಕೂಗುತ್ತಾ ಮನೆ ಸುತ್ತಿದೆ. ಆ ಮನೆಯವರು ಕೂಸುಮರಿ ಆಡುವ ರೀತಿ ನೋಡಿ ನನಗೆ ರೇಗಿತು. ನಮ್ಮ ಶಿಕಾರಿಪುರದ ಮನೆಗೆ ಬಂದಾಗಲೆಲ್ಲ ನನ್ನ ಚಿಕ್ಕಪ್ಪ ಇಡೀ ಸಂತೆಯನ್ನೇ ನಡುಮನೆಗೆ ತರುತ್ತಿದ್ದ. ಬೆಲೆ ಎಷ್ಟು, ಎಷ್ಟು ತಿನ್ನುತ್ತದೆ, ರಾತ್ರಿ ಹಾಸಿಗೆ ಒದ್ದೆ ಮಾಡುತ್ತದಾ ಎಂದು ಚೌಕಾಸಿ ನಡೆಯುತ್ತಿತ್ತು, ವ್ಯಾಪಾರ ಮಾತ್ರ ಕುದುರುತ್ತಿರಲಿಲ್ಲ. ಇಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ‘ಬ್ಯಾಡ, ನಮ್ಮಲ್ಲೇ ಇದೆ.’ ಕೆಲಸದ ನಡುವೆ ತಲೆ ಎತ್ತಿಯೂ ನೋಡದೆ ಹೇಳುತ್ತಿದ್ದರು. ಅತ್ತೆಯಂತೂ ನನ್ನೊಂದಿಗೆ ಎದುರಾ ಎದುರು ಮಾತಾಡುತ್ತಲೇ ಇರಲಿಲ್ಲ. ಅಳಿಯನ ಜೊತೆ ಮಾತಾಡುವುದು ಅವರ ಪದ್ಧತಿಯಲ್ಲಿಲ್ಲ. ಹೇಳುವುದಿದ್ದರೆ ಬಾಗಿಲ ಹಿಂದೆ ನಿಂತು ಮಗಳಿಗೆ ಹೇಳಿದಂತೆ ಹೇಳುತ್ತಿದ್ದರು. ಅವರೂ ಒಳಗಿಂದ ‘ಬ್ಯಾಡ’ ಎಂದರು. ಇಂಥ ನೀರಸ ಗಿರಾಕಿಗಳು ಬೇಡವೆಂದು ನಾನು ಬೀದಿಗಿಳಿದೆ.

ಪಕ್ಕದ ಮನೆಯ ಜಗಲಿಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ವಿಶೇಷವೇನೂ ಇರಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಬಿಳಿ ಸೀರೆ, ಕೆದರಿದ ಕೂದಲು ಅಂತೆಲ್ಲ ಇಲ್ಲ. ಮಾಸಿದ ಹಸಿರು ಸೀರೆ, ಪಕ್ಕದಲ್ಲಿ ಒಂದು ಗಂಟು, ಬಸ್ಸಿಗೆ ಕಾಯುವವಳ ಹಾಗಿದ್ದಳು. ನಾನು ಕೂಗಿದ ತಕ್ಷಣ, ‘ಬೇಕು’ ಅಂದಳು.

ಅಂತೂ ಆಟ ಗೊತ್ತಿದ್ದವರೊಬ್ಬರು ಸಿಕ್ಕರಲ್ಲ ಎಂದು ನನಗೆ ಖುಷಿ. ಒಳ್ಳೆಯ ಸರಕು, ಹಲ್ಲು ಬಂದಿದೆ, ಹಾಡು ಹೇಳಿದರೆ ಮಾತ್ರ ತಿನ್ನುತ್ತದೆ ಎಂದೆಲ್ಲ ವರ್ಣಿಸಿದೆ. ಮುದುಕಿ ಸೆರಗಿನ ಗಂಟು ಬಿಚ್ಚಿ ಬೆಲೆಯೆಂದು ಚಿಟಿಕೆ ತವುಡು ತೆಗೆದು ಪುಟ್ಟಿಯ ಅಂಗೈಯಲ್ಲಿಟ್ಟಳು. ಒಂದೊಂದೇ ಬೆರಳನ್ನು ಅದರ ಮೇಲೆ ಮಡಚಿದಳು. ಆಮೇಲೆ ‘ಕೊಟ್ಟೆ ಅನ್ನಪ್ಪ’ ಅಂದಳು.

‘ಕೊಟ್ಟೆ’ ಅಂದೆ.

‘ಸದ್ಯ ನಿನ್ನ ಹತ್ರಾನೇ ಇರ್ಲಿ. ಆಮ್ಯಾಲೆ ಬಂದು ಕರ್ಕಂಡು ಹೋಗ್ತೀನಿ’ ಎಂದಳು. ನಾನು ನಕ್ಕೆ, ಅವಳೂ ನಕ್ಕಳು.

ಒಳಗೆ ಬಂದು ಪುಟ್ಟಿಯನ್ನು ಇಳಿಸಿದೆ. ಕಿರುಚಲಿಲ್ಲ. ಅನ್ನ ಕಲಸಿ ಇಲಿರಾಯನನ್ನು ಶುರು ಮಾಡುವಷ್ಟರಲ್ಲಿ ತಾನಾಗಿ ಬಾಯಿ ತೆರೆದಳು. ಬಟ್ಟಲು ಖಾಲಿಯಾಯಿತು. ಜೋಗುಳವಿಲ್ಲದೆ ಮಲಗಿದಳು. ಹೆಣ್ಣುಮಕ್ಕಳನ್ನು ಸರಿದಾರಿಗೆ ತರಬೇಕಾದರೆ ಸ್ವಲ್ಪ ಊರು ಬದಲಿಸಬೇಕು ಎಂದು ನಾನು ಸರೋಜನಿಗೆ ಉಪದೇಶ ಮಾಡಿದೆ. ಆ ರಾತ್ರಿ ನನಗೆ ಬಂದಂಥ ನಿದ್ದೆ ಮದುವೆಯಾದ ಮೇಲೆ ಬಂದೇ ಇರಲಿಲ್ಲ.

ಶಿಕಾರಿಪುರಕ್ಕೆ ಹಿಂತಿರುಗಿದ ಮೇಲೂ ಹಾಗೆಯೇ. ಬಂದವರೆಲ್ಲ ಎಂಥ ಸಾಧು ಮಗು ಎಂದು ಹೊಗಳುವವರೇ. ನನಗೆ ಮಾತ್ರ ನಿಧಾನವಾಗಿ ಇರಿಸುಮುರಿಸು ಶುರುವಾಯಿತು. ಈ ಮಗು ಏನನ್ನೂ ಕೇಳುತ್ತಿರಲಿಲ್ಲ. ಕೊಟ್ಟರೆ ತಿನ್ನುತ್ತಿತ್ತು, ಎತ್ತಿದರೆ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಡಬ್ಬಿ ಉರುಳಿಸುತ್ತಿರಲಿಲ್ಲ. ಅವಳಮ್ಮನ ಸೆರಗು ಹಿಡಿಯುತ್ತಿರಲಿಲ್ಲ. ಹೊಸಿಲ ಹತ್ತಿರ ಗೋಡೆಗೊರಗಿ ಕೂತು ಬೀದಿ ನೋಡುತ್ತಿತ್ತು. ನಾವಿಬ್ಬರೂ ಏನು ಮಾಡಿದರೂ ಒಂದು ಸಲ ತಿರುಗಿ ನೋಡಿ, ಪರಿಚಯವಿಲ್ಲದ ನೆಂಟರನ್ನು ನೋಡಿದ ಹಾಗೆ ಮುಖ ಸಪ್ಪಗೆ ಮಾಡಿಕೊಂಡು ಮತ್ತೆ ಬೀದಿ. ನಾನು ಬಗ್ಗಿ ಬೆನ್ನು ಕೊಟ್ಟು ‘ಹತ್ತು ಪುಟ್ಟಿ’ ಎಂದು ಬೇಡಿಕೊಂಡೆ. ಬೆನ್ನಿನ ಕಡೆ ನೋಡಿದಳು, ಹತ್ತಲಿಲ್ಲ. ಡಾಕ್ಟರು ಕಣ್ಣು, ನಾಲಿಗೆ, ಹೊಟ್ಟೆ ಎಲ್ಲ ನೋಡಿ, ಮಗುವಿಗೇನೂ ಇಲ್ಲ, ನಿಮಗೆ ಬೇಕಾದರೆ ನಿದ್ದೆಗೆ ಔಷಧಿ ಕೊಡುತ್ತೇನೆ ಎಂದರು.

ತಿನ್ನುತ್ತಿದ್ದರೂ ಅವಳು ಹಗುರವಾಗುತ್ತಿದ್ದಳು. ದಿನವೂ ಹೊತ್ತು ರೂಢಿಯಾದವನಿಗೆ ಎತ್ತಿಕೊಂಡರೆ ಅದು ಗೊತ್ತಾಗದೆ ಇರುವುದಿಲ್ಲ.

ಇನ್ನು ಹೇಳುವುದನ್ನು ನಾನು ಕಂಡಷ್ಟೇ ಹೇಳುತ್ತೇನೆ. ಒಂದು ಸಂಜೆ ಸರೋಜ ದೀಪ ಹಚ್ಚುವಾಗ ಹಿತ್ತಲ ಬಾಗಿಲ ಕಡೆಯಿಂದ ಪುಟ್ಟಿಯ ನಗು ಕೇಳಿಸಿತು. ಎಷ್ಟೋ ದಿನಗಳ ಮೇಲೆ ಕೇಳಿದ ನಗು. ಓಡಿಹೋದೆ. ಮೆಟ್ಟಿಲ ಮೇಲೆ ಒಬ್ಬಳೇ ಕೂತು ಬಲಗೈ ಮುಂದೆ ಚಾಚಿದ್ದಳು. ಅಂಗೈ ಮೇಲಾಗಿತ್ತು. ಹೆಬ್ಬೆರಳು ಮಡಚಿಕೊಂಡಿತು. ಆಮೇಲೆ ತೋರುಬೆರಳು. ಆಮೇಲೆ ನಡುಬೆರಳು, ಉಂಗುರ ಬೆರಳು, ಕಿರುಬೆರಳು, ಒಂದಾದ ಮೇಲೆ ಒಂದು, ನಿಧಾನವಾಗಿ. ನಂತರ ಯಾರೋ ಕೈಯುದ್ದಕ್ಕೂ ಬೆರಳು ಓಡಿಸಿ ಕಂಕುಳಲ್ಲಿ ಕಚಗುಳಿ ಇಟ್ಟ ಹಾಗೆ ಮೈ ಮುದುಡಿಕೊಂಡು ನಕ್ಕಳು. ಕೈ ಮತ್ತೆ ಮುಂದೆ ಬಂತು. ಉಂಗುರ ಬೆರಳೊಂದನ್ನೇ ಮಡಚುವುದು ನಮ್ಮ ನಿಮ್ಮಂಥವರಿಗೇ ಸುಲಭವಲ್ಲ, ಬೇಕಾದರೆ ಈಗಲೇ ಮಡಚಿ ನೋಡಿ. ನಾನು ನಡುವೆ ಹೋಗಿ ನಿಂತೆ. ನಗು ನಿಂತಿತು. ಆ ಮಗು ನನ್ನನ್ನು ನೋಡಿದ ನೋಟದಲ್ಲಿ, ಅಡ್ಡ ಬಂದೆಯಲ್ಲ ಎಂಬ ಬೇಸರ ಬಿಟ್ಟರೆ ಇನ್ನೇನೂ ಇರಲಿಲ್ಲ.

ಮಾರನೆಯ ಸಂಜೆಯೂ ಹಾಗೆಯೇ ಆಯಿತು. ಸರೋಜ ನೋಡಿದಳು. ಅತ್ತುಕೊಂಡು ತಾಯಿಗೆ ಹೇಳಿಕಳಿಸಿದಳು.

ಅತ್ತೆ ಬಸ್ಸಿನಲ್ಲಿ ಬಂದಿಳಿದವರೇ ಮಗುವನ್ನು ನೋಡಿ, ಅಡಿಗೆಮನೆಯ ಬಾಗಿಲ ಹಿಂದೆ ನಿಂತು ವಿಚಾರಣೆ ನಡೆಸಿದರು. ನನಗೆ ಮುದುಕಿಯ ಮಾತು ಆಗ ನೆನಪಾಯಿತು. ಹೇಳಿದೆ.

‘ಸರೋಜ, ಕೇಳು ಅವರನ್ನ. ಕೊಟ್ಟೆ ಅಂತ ಬಾಯಿಬಿಟ್ಟು ಹೇಳಿದ್ರಂತಾ?’

ಹೌದು ಎಂದೆ.

‘ಕೂಸುಮರಿ ಯಾರೂ ಕೊಳ್ಳಬಾರದು. ಎಲ್ಲಾರೂ ಬ್ಯಾಡ ಬ್ಯಾಡ ಅಂದ್ರೇನೇ ಮಗು ವಾಪಸ್ ಮನಿಗೆ ಬರೋದು. ಅದಕ್ಕೇ ಆ ಆಟ. ಇವ್ರ ಊರಲ್ಲಿ ಇದನ್ನೂ ಕಲಿಸ್ಲಿಲ್ವಂತಾ ಕೇಳು.’

ನಮ್ಮೂರಲ್ಲಿ ಕಲಿಸಿರಲಿಲ್ಲ. ನನ್ನದೇ ಮನೆಯಲ್ಲಿ ಅಪರಾಧಿಯಾಗಿ ನಿಂತು, ಇದೆಂಥ ಹುಚ್ಚು ಎಂದು ಒಳಗೊಳಗೇ ಕುದಿಯುತ್ತಾ, ಮಾರನೆಯ ದಿನವೇ ರಜೆ ಹಾಕಿ ಸೊರಬಕ್ಕೆ ಹೋದೆ. ಕೊಂಡವಳಿಂದಲೇ ಬಿಡಿಸಿಕೊಂಡು ಬರಬೇಕೆಂದು ಅತ್ತೆಯ ಆಜ್ಞೆ. ಪಕ್ಕದ ಮನೆಯವರು ತಮ್ಮಲ್ಲಿ ಮುದುಕಿಯರೇ ಇಲ್ಲ, ಜಗಲಿಯ ಮೇಲೆ ಹೋಗುವವರು ಬರುವವರು ಕೂರುತ್ತಾರೆ, ನಾವೇನು ಲೆಕ್ಕ ಇಡುತ್ತೇವಾ ಎಂದರು. ಅದು ಸರಿಯೇ. ಹಸಿರು ಸೀರೆಯ ಮುದುಕಿಯರು ಶಿರಾಳಕೊಪ್ಪದ ಸಂತೆಗೆ ಬರುತ್ತಾರೆ ಎಂದು ಯಾರೋ ಅಂದರು. ಅಲ್ಲಿಗೂ ಹೋದೆ. ಹಸಿರು ಸೀರೆಯುಟ್ಟ ಮುದುಕಿಯರು ಆ ಸಂತೆಯಲ್ಲಿ ಎಷ್ಟು ಮಂದಿ ಇರುತ್ತಾರೆಂದು ನಿಮಗೆ ಗೊತ್ತೇ? ಒಬ್ಬೊಬ್ಬರ ಮುಂದೆಯೂ ನಿಂತು, ಅಜ್ಜಿ, ನನ್ನ ಮಗಳನ್ನು ನೀವೇನಾದರೂ ಕೊಂಡಿದ್ದೀರಾ ಎಂದು ಕೇಳಿದೆ. ಮೆಣಸಿನಕಾಯಿ ಮಾರುತ್ತಿದ್ದವಳೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನನ್ನವೇ ಏಳೆಂಟು ಮೊಮ್ಮಕ್ಕಳು ಅದಾವಪ್ಪ, ಬೇಕಾದ್ರೆ ನೀನೇ ಎರಡು ಹೊತ್ಕಂಡ್ಹೋಗು’ ಎಂದಳು. ಸುತ್ತಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಬಸ್ಸು ಹಿಡಿದು ಮನೆಗೆ ಬಂದೆ.

ಸಂಜೆಯಾಗುತ್ತಿತ್ತು. ನನ್ನ ಬರಿಗೈ ನೋಡಿ ಅತ್ತೆ ಬಾಗಿಲ ಹಿಂದಿನಿಂದ ಇನ್ನೊಂದು ಉಪಾಯ ಹೇಳಿದರು. ತಾವು ಮಗುವನ್ನು ಬೆನ್ನಿಗೆ ಹಾಕಿಕೊಂಡು ಮನೆಯೊಳಗೆ ಕೂಗುತ್ತಾ ಬರುತ್ತಾರೆ, ನಾನು ನಡುಮನೆಯಲ್ಲಿ ಕೂತು ಬೇಕು ಎನ್ನಬೇಕು, ನಾನೇ ಕೊಳ್ಳಬೇಕು. ಇಷ್ಟು ವಯಸ್ಸಾದ ಗುಮಾಸ್ತ ತನ್ನ ಮನೆಯ ನಡುವೆ ಚಾಪೆಯ ಮೇಲೆ ಗಿರಾಕಿಯಾಗಿ ಕೂತ. ಸರೋಜ ಹೊರಗೆ ತುಳಸಿಗೆ ದೀಪವಿಡುತ್ತಿದ್ದಳು. ಒಳಗಿನ ಕೋಣೆಯಲ್ಲಿ ಅತ್ತೆಯ ಕೂಗು ಕೇಳಿಸಿತು: ಕೂಸುಮರಿ ಬೇಕಾ, ಕೂಸುಮರಿ. ಕೂಗು ಹತ್ತಿರವಾಗಿ ಬಾಗಿಲ ಹಿಂದೆ ನಿಂತಿತು.

‘ಬೇಕು’ ಅಂದೆ. ‘ನನಗೆ ಬೇಕು.’

‘ಏನು ಕೊಡ್ತೀಯ?’ ಎಂದು ಬಾಗಿಲ ಹಿಂದಿನಿಂದ ಕೇಳಿತು.

ಏನು ಕೊಡಬೇಕೆಂದು ಯಾರೂ ನನಗೆ ಹೇಳಿರಲಿಲ್ಲ. ತವುಡು ತಂದಿಟ್ಟುಕೊಂಡಿರಲಿಲ್ಲ. ತಡವಾದರೆ ಏನಾಗುವುದೋ ಎಂಬ ಗಾಬರಿಯಲ್ಲಿ, ‘ನೀವು ಕೇಳಿದ್ದು ಕೊಡ್ತೀನಿ’ ಎಂದುಬಿಟ್ಟೆ.

‘ಆಗಲಿ.’

ಅಷ್ಟರಲ್ಲಿ ಒಳಗೆ ಮಗು ಕಿಟಾರನೆ ಕಿರುಚಿತು. ಅತ್ತೆ ಅವಳನ್ನು ಹೊಸಿಲ ಈಚೆ ಇಳಿಸಿದ್ದೇ ತಡ, ಓಡಿ ಬಂದು ನನ್ನ ಬೆನ್ನಿನ ಮೇಲೆ ಬಿದ್ದು ಎರಡು ಕೈಯಲ್ಲೂ ಕೂದಲು ಹಿಡಿದಳು. ಆ ರಾತ್ರಿ ಹಾಡಿಲ್ಲದೆ ಒಂದು ತುತ್ತೂ ತಿನ್ನಲಿಲ್ಲ. ಹಾಲಿನ ಲೋಟ ಚೆಲ್ಲಿದಳು, ಅವಳಮ್ಮನ ಬಳೆ ಒಡೆದಳು. ನಾನು ಇಲಿರಾಯನನ್ನು ಗಂಟಲು ಹರಿಯುವವರೆಗೆ ಹಾಡಿದೆ. ಸರೋಜ ಅಳುತ್ತಾ ನಗುತ್ತಿದ್ದಳು.

ಇಲ್ಲಿಗೆ ನಿಲ್ಲಿಸಿದ್ದರೆ ನನಗೂ ನೆಮ್ಮದಿ ಇರುತ್ತಿತ್ತು. ಮರುದಿನ ಅತ್ತೆ ಹೊರಡುವಾಗ, ಅವರಿಗೊಂದು ಸೀರೆ ಕೊಡಿಸೋಣ, ಏನು ಬೇಕೋ ಕೇಳಬೇಕಲ್ಲ, ಕೇಳಿದ್ದು ಕೊಡುತ್ತೇನೆಂದು ನಿನ್ನೆ ಮಾತು ಕೊಟ್ಟಿದ್ದೇನೆ ಎಂದು ಸರೋಜನ ಮೂಲಕ ಹೇಳಿಸಿದೆ. ಅತ್ತೆಗೆ ಅರ್ಥವಾಗಲಿಲ್ಲ. ತಾನು ಕೂಸುಮರಿ ಎಂದು ಕೂಗಿದ್ದು ಬಿಟ್ಟರೆ ಬೇರೆ ಮಾತೇ ಆಡಿಲ್ಲ, ಅಳಿಯಂದಿರು ಬೇಕು ಎಂದ ಮೇಲೆ ಸುಮ್ಮನೆ ನಿಂತಿದ್ದೆ, ಯಾರಿಗೆ ಏನು ಹೇಳುತ್ತಿದ್ದಾರೆಂದು ತನಗೂ ಆಶ್ಚರ್ಯವಾಯಿತು ಎಂದರು. ನಾನು ನಂಬದೆ ಇದ್ದದ್ದು ನೋಡಿ ಬಾಗಿಲ ಹಿಂದಿನಿಂದಲೇ, ‘ಅಳಿಯಂದಿರಿಗೆ ನಾನು ಏನು ಕೊಡ್ತೀಯ ಅಂತ ಏಕವಚನದಲ್ಲಿ ಮಾತಾಡ್ತೀನಾ ಸರೋಜ? ನೀನೇ ಹೇಳು’ ಎಂದರು.

ನಿಜ. ಅವರು ಹಾಗೆ ಮಾತಾಡುವವರಲ್ಲ. ಸಾಯುವವರೆಗೂ ಮಾತಾಡಲಿಲ್ಲ.

ನಾನು ಇದನ್ನು ಬಹಳ ಸಲ ಯೋಚಿಸಿದ್ದೇನೆ. ಗಾಬರಿಯಲ್ಲಿ ನನ್ನ ಕಿವಿಯೇ ಏನೋ ಕೇಳಿಸಿಕೊಂಡಿರಬಹುದು. ಮಕ್ಕಳು ಕಾರಣವಿಲ್ಲದೆ ಸಾಧುವಾಗುತ್ತಾರೆ, ಕಾರಣವಿಲ್ಲದೆ ಮತ್ತೆ ಪುಂಡರಾಗುತ್ತಾರೆ, ಅದೂ ಇರಬಹುದು. ಬೆರಳುಗಳ ವಿಷಯಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಪುಟ್ಟಿಗೆ ಈಗ ಎರಡು ಮಕ್ಕಳು, ಗಟ್ಟಿಮುಟ್ಟಾಗಿದ್ದಾಳೆ, ಇದ್ಯಾವುದೂ ಅವಳಿಗೆ ನೆನಪಿಲ್ಲ. ಕೇಳಿದರೆ ನಗುತ್ತಾಳೆ.

ನಾನೊಬ್ಬ ಇದ್ದೇನೆ. ಏನು ಎಂದು ತಿಳಿಯದೆ ಕೊಡುತ್ತೇನೆ ಎಂದು ಮಾತು ಕೊಟ್ಟವನು. ಈವರೆಗೆ ಯಾರೂ ಬಂದು ಕೇಳಿಲ್ಲ. ಬಾಗಿಲಿಗೆ ಯಾರಾದರೂ ಮುದುಕಿ ಬಂದು ಒಂದು ಲೋಟ ನೀರು ಕೇಳಿದರೂ ಒಳಗಿಂದ ಸರೋಜ, ‘ಕೊಡಿ ಅಂದ್ರೆ, ಎಷ್ಟೊತ್ತು ನಿಲ್ಲಿಸ್ತೀರಿ ಆ ಅಜ್ಜಿನ’ ಎಂದು ರೇಗುತ್ತಾಳೆ. ನಾನು ಲೋಟ ಕೈಯಲ್ಲಿ ಹಿಡಿದು, ಕೇಳಿದ್ದು ಇಷ್ಟೇ ತಾನೇ ಎಂದು ಖಾತ್ರಿ ಮಾಡಿಕೊಳ್ಳುತ್ತಾ ನಿಂತಿರುತ್ತೇನೆ.