ಹಿಂದಕ್ಕೆ ನೋಡಿದ ಗಿಡುಗಗಳು

ಅಟ್ಟದ ಡಬ್ಬ ಇಳಿಸಲು ಸ್ಟೂಲು ಹತ್ತಿದರೆ ಸಾಕು, ಅವಳ ಕಾಲು ಗಡಗಡ ನಡುಗುತ್ತಿತ್ತು. ಕೆಳಗೆ ಅತ್ತೆ ಸ್ಟೂಲು ಹಿಡಿದು ನಿಲ್ಲಬೇಕು. ಇಂಥವಳಿಗೆ ಸಿಕ್ಕ ಕೆಲಸವೋ, ವಿಮಾನದಿಂದ ಧುಮುಕುವ ಸೈನಿಕರು ತೋಳಿಗೆ ಹಚ್ಚಿಕೊಳ್ಳುವ ಬಟ್ಟೆಯ ಬಿಲ್ಲೆ ಹೊಲಿಯುವುದು! ಕಸೂತಿ ಅಂಗಡಿಯಲ್ಲಿ ಎಲ್ಲರೂ ಅವಳನ್ನು ‘ಪುಕ್ಕಲಿ’ ಎನ್ನುತ್ತಿದ್ದರು. ಆ ಹೆಸರನ್ನು ಇಟ್ಟುಕೊಂಡವಳೂ ಅವಳೇ. ಊರವರು ಇಡುವ ಮೊದಲು ನಾವೇ ಇಟ್ಟುಕೊಂಡರೆ ಅಷ್ಟು ಚುಚ್ಚುವುದಿಲ್ಲ ಎನ್ನುವುದು ಅವಳ ಜಾಣತನ.

ಹೆರಿಗೆಯಾದ ಮೇಲೆ ಮನೆಯಲ್ಲೇ ಹೊಲಿದು ಕೊಡಲು ಅಂಗಡಿಯ ಮೇಸ್ತ್ರಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ನಲವತ್ತು ಬಿಲ್ಲೆ ಶುಕ್ರವಾರಕ್ಕೆ ತಯಾರಾಗಬೇಕು, ಸೈನ್ಯದವರು ಒಂದನ್ನೂ ತಿರಸ್ಕರಿಸಬಾರದು. ತಪ್ಪಿದರೆ ದಿನವಿಡೀ ಅಂಗಡಿಯಲ್ಲೇ ಕೂತು ಹೊಲಿಯಬೇಕು. ಕೂಸಿಗೆ ಎಂಟೇ ತಿಂಗಳು, ಇನ್ನೂ ಎದೆಹಾಲು ಬಿಟ್ಟಿರಲಿಲ್ಲ.

ನಮೂನೆ ಕೊಡುವಾಗ ಮೇಸ್ತ್ರಿ ಪಾಠವನ್ನೇ ಮಾಡಿದ್ದರು. “ನೋಡಮ್ಮ, ಇದು ಬರೀ ಚಿತ್ರ ಅಲ್ಲ. ಬಿಚ್ಚಿದ ಪ್ಯಾರಾಚೂಟ್ ಅಂದ್ರೆ ನಂಬಿಕೆ. ಮಡಚೋನು ಒಬ್ಬ, ಹಾರೋನು ಇನ್ನೊಬ್ಬ. ಗಿಡುಗ ಅಂದ್ರೆ ಮೇಲಿಂದ ಎರಗೋದು. ಅದರ ಕಾಲಲ್ಲಿರೋ ಕತ್ತಿ, ನೆಲ ಮುಟ್ಟಿದ ಮೇಲಿನ ಕೆಲಸಕ್ಕೆ.”

“ಹೆದರೋರಿಗೆ ಇದರಲ್ಲಿ ಏನೂ ಇಲ್ವಾ ಮೇಸ್ತ್ರೀ?”

“ಯಾಕಿಲ್ಲ? ಸೂಜಿ ಇದೆಯಲ್ಲ, ಹಿಡ್ಕೋ.”

ಚಿತ್ರದ ಗೆರೆಗುಂಟ ಸಣ್ಣ ಸಣ್ಣ ತೂತು ಚುಚ್ಚಿದ ಕಾಗದವೇ ನಮೂನೆ. ಅದನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದ ಪುಡಿ ಉಜ್ಜಿದರೆ ಚುಕ್ಕಿ ಬೀಳುತ್ತವೆ. ಚುಕ್ಕಿಯ ಮೇಲೆ ಜರಿ ದಾರ ಓಡಿಸುವುದು. ಬುಧವಾರ ಅವಳು ಬಿಲ್ಲೆಗಳನ್ನು ಒಯ್ದಾಗ ಮೇಸ್ತ್ರಿ ಒಂದನ್ನೆತ್ತಿ ತಮ್ಮ ಬಲತೋಳಿಗೆ ಹಿಡಿದರು. ಅವರ ಮುಖ ಹುಳ್ಳಗಾಯಿತು.

“ಇದು ಯಾವ ಕಡೆ ನೋಡ್ತಿದೆ?”

“...ಬೆನ್ನಿನ ಕಡೆ.”

“ಮುಂದೆ ನುಗ್ಗೋನ ತೋಳಲ್ಲಿ ಹಿಂದೆ ನೋಡೋ ಹಕ್ಕಿ! ಓಡಿಹೋಗೋ ಪಡೆ ಅಂತಾರಲ್ಲಮ್ಮ ಇವರನ್ನ!”

ಅವಳಿಗೆ ಆಗಲೇ ಹೊಳೆಯಿತು. ಕೂಸು ಕಿವುಚಿದ ಬಾಳೆಹಣ್ಣನ್ನು ಕಾಗದಕ್ಕೆ ಮೆತ್ತಿತ್ತು. ಬಟ್ಟೆ ಕೊಳೆಯಾದೀತೆಂದು ಅವಳು ಕಾಗದವನ್ನು ಮಗುಚಿ, ಶುಚಿಯಾದ ಮಗ್ಗುಲನ್ನು ಕೆಳಗೆ ಮಾಡಿದ್ದಳು. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡೂ ಇದ್ದಳು. ಹೆದರುವವಳ ಕೈಯಿಂದ ಹೆದರುವ ಹಕ್ಕಿಯೇ ತಾನೇ ಹೊರಬೀಳಬೇಕು?

ಪುಣ್ಯಕ್ಕೆ ರೆಕ್ಕೆ, ಪ್ಯಾರಾಚೂಟ್, ಕತ್ತಿ ಎಲ್ಲವೂ ಎಡಬಲ ಒಂದೇ ಥರ. ತಪ್ಪಿದ್ದು ತಲೆ ಮಾತ್ರ. ಅಷ್ಟನ್ನು ಬಿಚ್ಚಿ ಹೊಲಿದರೆ ಸಾಕು. ಮನೆಯಲ್ಲಿ ಅತ್ತೆ ಕನ್ನಡಕ ಏರಿಸಿ ದಾರ ಬಿಚ್ಚಲು ಕೂತರು.

“ನನ್ನ ಮಗನ ಒಂದು ಕತ್ತು ನಿನ್ನ ಕಡೆ ತಿರುಗಿಸೋಕೆ ವರ್ಷ ಹಿಡೀತು. ಎರಡು ದಿನದಲ್ಲಿ ನಲವತ್ತಾ?”

“ಈ ಹಕ್ಕಿಗಳು ಅಷ್ಟು ಮೊಂಡಲ್ಲ ಅತ್ತೆ.”

ಕೂಸು ಮಲಗಿದಾಗ ಹೊಲಿಗೆ, ಎದ್ದಾಗ ಹಾಲು. ಗುರುವಾರ ಸಂಜೆಗೆ ನಲವತ್ತು ತಲೆಯೂ ತಿರುಗಿದವು, ಜೊತೆಗೆ ಅವಳದ್ದೂ.

ಶುಕ್ರವಾರ ಅಂಗಡಿಗೆ ಬಂದ ಸೈನ್ಯದ ಅಧಿಕಾರಿ ಒಂದೊಂದನ್ನೂ ತೋಳಿಗಿಟ್ಟು ನೋಡಿದರು. ಹನ್ನೆರಡನೆಯದಕ್ಕೆ ಕೈ ನಿಂತಿತು. “ಇದರ ಕತ್ತು ಯಾಕೆ ದಪ್ಪ?”

ಹಳೆಯ ಸೂಜಿತೂತು ಮುಚ್ಚಲು ಅಲ್ಲಿ ಎರಡೆಳೆ ಹೆಚ್ಚು ಓಡಿಸಿದ್ದಳು. ಮೇಸ್ತ್ರಿ ಸೂರು ನೋಡತೊಡಗಿದರು. ಜರಿಯೇ ದಪ್ಪ ಎಂದುಬಿಟ್ಟರೆ ಆಗಿತ್ತು. ಆದರೆ ಪುಕ್ಕಲಿಗೆ ಸುಳ್ಳು ಹೇಳಲೂ ಹೆದರಿಕೆ.

“ಕತ್ತು ತಿರುಗಿಸಿದ್ದಕ್ಕೆ ಊದಿಕೊಂಡಿದೆ ಸಾರ್,” ಎಂದವಳೇ ಬಾಳೆಹಣ್ಣಿನವರೆಗೆ ಎಲ್ಲವನ್ನೂ ಒಪ್ಪಿಸಿದಳು.

ಅಧಿಕಾರಿ ಬಿಲ್ಲೆಯನ್ನು ಮತ್ತೆ ತೋಳಿಗಿಟ್ಟುಕೊಂಡರು. “ಮೊದಲನೇ ಸಲ ವಿಮಾನದ ಬಾಗಿಲಲ್ಲಿ ನಿಂತಾಗ ನಾನೂ ಹಿಂದಕ್ಕೇ ನೋಡಿದ್ದೆ. ಯಾರಿಗೂ ಹೇಳಿಲ್ಲ,” ಎಂದರು. “ದಪ್ಪ ಇದ್ರೆ ಇರಲಿ. ಈಗ ಮುಂದೆ ನೋಡ್ತಿದೆಯಲ್ಲ.” ನಲವತ್ತಕ್ಕೂ ಸಹಿ ಬಿತ್ತು.

ಮೇಸ್ತ್ರಿ ಮುಂದಿನ ನಮೂನೆ ಕೊಟ್ಟರು, ಮನೆಗೇ ಒಯ್ಯಲು. ಅದರ ಒಂದು ಮಗ್ಗುಲಿಗೆ ಕೆಂಪು ಮಸಿಯಲ್ಲಿ ಬರೆದಿದ್ದರು: ‘ಈ ಕಡೆ ಮೇಲೆ. ಹಣ್ಣು ದೂರ.’

ಇದ್ದರೆ ಇರಲಿ ಎಂದು ಹೊಲಿದಿದ್ದ ನಲವತ್ತೊಂದನೆಯ ಬಿಲ್ಲೆಯ ತಲೆ ತಿರುಗಿಸಿರಲಿಲ್ಲ. ಅದನ್ನು ಅವಳು ಕೂಸಿನ ಅಂಗಿಯ ಬಲತೋಳಿಗೆ ಹೊಲಿದಳು. ಕೂಸು ಆ ವಾರವಷ್ಟೇ ಅಂಬೆಗಾಲಿಡಲು ಕಲಿತಿತ್ತು. ಮುಂದಿದ್ದ ಗೊಂಬೆಗೆ ಕೈ ಚಾಚಿ, ಹಿಂದಹಿಂದಕ್ಕೇ ಜಾರಿ ಮಂಚದಡಿ ಸೇರುತ್ತಿತ್ತು. ಗಿಡುಗ ಮಾತ್ರ ಹೋಗುವ ದಾರಿಯನ್ನು ಸರಿಯಾಗಿಯೇ ನೋಡುತ್ತಿತ್ತು.