ಚಿಮ್ಮಿದ ಅವರೆಬೇಳೆ

ಮೂರು ವರ್ಷದ ಮಗಳ ನಗು ಇದ್ದಕ್ಕಿದ್ದಂತೆ ನಿಂತುಹೋಯಿತು. ಅತ್ತೆ ಮತ್ತು ನಾನು ಅಡುಗೆಮನೆಯಲ್ಲಿ ಕುಳಿತು ನೆನೆದ ಅವರೆಕಾಳು ಹಿತಕುತ್ತಿದ್ದೆವು. ಹೊಳೆನರಸೀಪುರದ ಸಂತೆಯಲ್ಲಿ ಅವರೆಕಾಯಿ ಅಗ್ಗವಾದರೆ ನಮ್ಮ ಮನೆಯಲ್ಲಿ ಮುದ್ದೆಗೆ ದಿನವೂ ಅದರದೇ ಸಾರು. ಖರ್ಚು ಕಡಿಮೆ, ಎಲ್ಲರಿಗೂ ಇಷ್ಟ. ಬೆರಳ ಸಂದಿಯಿಂದ ಬೇಳೆ ಚಿಮ್ಮಿದಾಗಲೆಲ್ಲ ಮಗಳು, ಬೇಡವೆಂದರೂ ಹೆಕ್ಕಿ ಬಾಯಿಗೆ ಹಾಕಿಕೊಂಡು ಕಿಲಕಿಲ ನಗುತ್ತಿದ್ದಳು.

ತಿರುಗಿ ನೋಡಿದರೆ ಬಾಯಿ ತೆರೆದೇ ಇತ್ತು. ಕೆಮ್ಮಿಲ್ಲ, ಅಳುವಿಲ್ಲ. ತುಟಿಯ ಅಂಚು ನೀಲಿಗಟ್ಟುತ್ತಿತ್ತು. ನಾನು ಬಾಯೊಳಗೆ ಬೆರಳಿಡಲು ಹೋದೆ.

“ಬೆರಳಾಕ್ಬ್ಯಾಡ ಕಣವ್ವ, ಇನ್ನೂ ಒಳೀಕೋಯ್ತದೆ. ಬಗ್ಸಿ ಬೆನ್ಗೆ ಒಡಿ,” ಎಂದರು ಅತ್ತೆ.

ತೊಡೆಯ ಮೇಲೆ ತಲೆ ಕೆಳಗಾಗಿಸಿ ಮಲಗಿಸಿಕೊಂಡು ಬೆನ್ನಿಗೆ ಹೊಡೆದೆ. ಏನೂ ಆಗಲಿಲ್ಲ. ನನ್ನ ಸೆರಗು ಹಿಡಿದಿದ್ದ ಪುಟ್ಟ ಮುಷ್ಟಿ ಸಡಿಲಾಯಿತು. ಮತ್ತೆ ಹೊಡೆದೆ. ಬೇಳೆ ನೆಲಕ್ಕೆ ಬಿತ್ತು, ಅದರ ಹಿಂದೆಯೇ ಅಳು ಬಂತು. ಬಿಕ್ಕುತ್ತಲೇ ಅಂದಳು, “ಅಮ್ಮ, ಅದನ್ನ ಸಾರಿಗೆ ಹಾಕ್ಬೇಡ.”

ಆ ಸಾರು ಈಗಲೂ ಮಾಡುತ್ತೇವೆ. ಆದರೆ ಹಿತಕುವಾಗ ಅವಳನ್ನು ಹಜಾರದಲ್ಲಿ ಕೂರಿಸಿ ಹಾಡು ಹೇಳಿಸುತ್ತೇನೆ. ಉಸಿರು ತೆಗೆದುಕೊಳ್ಳಲು ಅವಳು ನಿಲ್ಲಿಸಿದರೂ ಸಾಕು, ನನ್ನ ಕೈ ನಿಂತುಬಿಡುತ್ತದೆ.